ಆದಾಯದ ಕೊರಗೂ ಕಾಯಿಲೆಯೂ

ಆದಾಯ ಸಾಲದೆಂಬ ಕೊರಗನ್ನು ಹೊಟ್ಟೆಕಿಚ್ಚೆಂದು ತಳ್ಳಿಹಾಕುವುದು ಸುಲಭ. ಆದರೆ ಅದಕ್ಕೂ ಕಾಯಿಲೆಗೂ ನಂಟಿರುವಂತಿದೆ. ಬ್ರಿಟನ್ನಿನಲ್ಲಿ 1967ರಲ್ಲಿ ಆರಂಭವಾದ ವೈಟ್‌ಹಾಲ್ ಅಧ್ಯಯನದ ಪ್ರಕಾರ, ಹೃದ್ರೋಗದಿಂದ ಸಾಯುವವರ ಪ್ರಮಾಣ ಮೇಲಧಿಕಾರಿಗಳಿಗಿಂತ ಕೆಳದರ್ಜೆಯ ಸರ್ಕಾರಿ ನೌಕರರಲ್ಲೇ ಬಹಳ ಹೆಚ್ಚಿತ್ತು. ಅವರೇನೂ ಕಡುಬಡವರಲ್ಲ, ತಿಂಗಳ ಸಂಬಳ ಎಣಿಸುತ್ತಿದ್ದವರು. 1985ರಲ್ಲಿ ಶುರುವಾದ ಎರಡನೇ ಅಧ್ಯಯನದಲ್ಲಿ ನೌಕರರಿಗೆ ಹತ್ತು ಮೆಟ್ಟಿಲುಗಳ ಏಣಿಯ ಚಿತ್ರ ಕೊಟ್ಟು, ಹಣ, ಓದು, ಉದ್ಯೋಗದಲ್ಲಿ ತಾವೆಲ್ಲಿದ್ದೇವೆಂದು ಗುರುತು ಹಾಕಿಸಿದರು. ಕೆಳಗೆ ಗುರುತು ಹಾಕಿದವರಲ್ಲಿ ಮಧುಮೇಹ, ಖಿನ್ನತೆ ಹೆಚ್ಚು ಕಂಡವು. ಕಾಯಿಲೆ ಬಿದ್ದದ್ದರಿಂದಲೇ ಕೆಲವರು ತಮ್ಮನ್ನು ಕೆಳಗಿಟ್ಟುಕೊಂಡಿರಬಹುದು, ಒಪ್ಪೋಣ. ಆದರೂ ನಮ್ಮ ತಪಾಸಣಾ ಶಿಬಿರಗಳು ರಕ್ತದೊತ್ತಡ, ಸಕ್ಕರೆ ಅಳೆದು ಕೈತೊಳೆದುಕೊಳ್ಳುತ್ತವೆ. ‘ಈ ತಿಂಗಳ ಆದಾಯ ಸಾಲುತ್ತಿದೆಯೇ?’ ಎಂಬ ಪ್ರಶ್ನೆಯನ್ನೂ ಆರೋಗ್ಯ ಇಲಾಖೆ ಶಿಬಿರದ ತಪಾಸಣಾ ಚೀಟಿಯಲ್ಲಿ ಸೇರಿಸಲಿ. ಅದಕ್ಕೆ ಯಂತ್ರವೂ ಬೇಡ, ಟೆಂಡರೂ ಬೇಡ.

– ಓದುಗ, ಮೈಸೂರು