ಕ್ಯೋಟೊ ಸಿಹಿಯಂಗಡಿ ಭೇಟಿ: ಸದಸ್ಯರ ಗಮನಕ್ಕೆ

ಸದಸ್ಯರೆಲ್ಲರಿಗೂ ನಮಸ್ಕಾರ. ಭಾನುವಾರ ನಾವು ಹೋಗಲಿರುವುದು ಕ್ಯೋಟೊ ಅರಮನೆಯ ಸಮೀಪದ ತೊರಾಯಾ ಅಂಗಡಿಗೆ. 16ನೆಯ ಶತಮಾನದ ಆರಂಭದಲ್ಲಿ ಇದೇ ಊರಿನಲ್ಲಿ ಹುಟ್ಟಿ, ತಲೆಮಾರುಗಳಿಂದ ಅರಮನೆಗೆ ಸಿಹಿ ಒದಗಿಸುತ್ತ ಬಂದ ಈ ಸಂಸ್ಥೆ, 1869ರಲ್ಲಿ ಚಕ್ರವರ್ತಿಗಳು ಟೋಕಿಯೊಗೆ ತೆರಳಿದಾಗ ಅಲ್ಲಿಯೂ ಅಂಗಡಿ ತೆರೆಯಿತಾದರೂ ಕ್ಯೋಟೊವನ್ನು ಬಿಡಲಿಲ್ಲ.

ಅಲ್ಲಿನ ಸಿಹಿಗಳನ್ನು ತಿನ್ನಬಹುದೇ ಎಂದು ಸಸ್ಯಾಹಾರಿ ಸದಸ್ಯರು ಹಲವರು ವಿಚಾರಿಸಿದ್ದೀರಿ. ಯೋಕಾನ್ ಎಂಬ ಸಿಹಿಯನ್ನು ಅಜುಕಿ ಎಂಬ ಕೆಂಪು ಕಾಳಿನ ನುಣುಪಾದ ಹೂರಣ, ಸಕ್ಕರೆ ಹಾಗೂ ಕಡಲಪಾಚಿಯಿಂದ ತೆಗೆದ ಅಗರ್ ಸೇರಿಸಿ, ಒಲೆಯ ಮೇಲೆ ಮಗುಚುತ್ತ ಗಟ್ಟಿಯಾಗಿಸಿ, ಅಚ್ಚಿಗೆ ಹೊಯ್ದು ತಯಾರಿಸುತ್ತಾರೆ; ಇದಕ್ಕೆ ತುಪ್ಪವಾಗಲಿ ಹಾಲಾಗಲಿ ಬೇಕಿಲ್ಲ. ಆದರೆ ದೊರಾಯಾಕಿ (ಹೂರಣ ತುಂಬಿದ ದೋಸೆಯಂಥ ಸಿಹಿ), ಕಾಸುತೆರಾ (ಸ್ಪಂಜ್ ಕೇಕ್)ಗಳಲ್ಲಿ ಮೊಟ್ಟೆಯಿರುತ್ತದೆ, ಆದ್ದರಿಂದ ಬೇರೆಡೆ ಕೊಳ್ಳುವಾಗಲೂ ಎಚ್ಚರವಿರಲಿ.

ಋತುವಿಗೆ ತಕ್ಕಂತೆ ಬಣ್ಣ, ಆಕಾರ ಬದಲಿಸುವ ನಾಮಗಾಶಿ ಎಂಬ ತಾಜಾ ಮೃದು ಸಿಹಿಯನ್ನು ಅಂದೇ ತಿನ್ನಬೇಕು. ಊರಿಗೆ ಒಯ್ಯಲು ಬಹುಕಾಲ ಕೆಡದ ಯೋಕಾನ್ ಉತ್ತಮ. ಸಿಹಿಯನ್ನು ಮರದ ಕಡ್ಡಿಯಿಂದ ಕತ್ತರಿಸಿ ಮೊದಲು ತಿಂದು, ಆಮೇಲೆ ಮಾಚ್ಚಾ ಎಂಬ ಹಸಿರು ಚಹಾಪುಡಿಯ ಪಾನೀಯ ಕುಡಿಯುವುದು ಅಲ್ಲಿನ ಪದ್ಧತಿ, ಆ ಕಹಿಗೂ ಆಗಲೇ ರುಚಿ. ಟಿಪ್ಸ್ ಕೊಡುವ ರೂಢಿಯಿಲ್ಲ. ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲಿಯೇ ಹೆಸರು ತಿಳಿಸಬೇಕಾಗಿ ವಿನಂತಿ.