ಟೋಕಿಯೊದ ಸೂತ್ರ, ಚನ್ನಗಿರಿಯ ತೋಟ: ಉನ್ನತ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ದಾವಣಗೆರೆಯಿಂದ ಗೌರವಪೂರ್ವಕ ನಮಸ್ಕಾರಗಳು. ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಶನ್ ವಿಭಾಗದಲ್ಲಿ ಬಹುಕಾಲ ಪಾಠ ಹೇಳಿ ನಿವೃತ್ತನಾದವನು ನಾನು. 1951ರಲ್ಲಿ ಬಿ.ಡಿ.ಟಿ. ಕಾಲೇಜು ಆರಂಭವಾದಂದಿನಿಂದ ಈ ಊರು ನಾಡಿಗೆ ಎಂಜಿನಿಯರುಗಳನ್ನು ಕೊಡುತ್ತಲೇ ಬಂದಿದೆ. ಓದಿ ಹೊರಟವರ ಬಗ್ಗೆ ಎಲ್ಲರೂ ಅಭಿಮಾನದಿಂದ ಮಾತನಾಡುತ್ತಾರೆ. ಇಲ್ಲಿಯೇ ಉಳಿದು, ಪಾಠದ ಜೊತೆಗೆ ವೈರ್‌ಲೆಸ್ ಸಂವಹನದಲ್ಲಿ ಸಂಶೋಧನೆಯನ್ನೂ ಮಾಡಬಯಸುವ ಅಧ್ಯಾಪಕರ ವೃತ್ತಿಜೀವನ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದನ್ನು ತಮ್ಮ ಗಮನಕ್ಕೆ ತರುವುದಕ್ಕಾಗಿ ಈ ಪತ್ರ.

ಎಂ.ಟೆಕ್. ಮುಗಿಸಿ ಸಹಾಯಕ ಪ್ರಾಧ್ಯಾಪಕರಾಗಿ ಸೇರಿದವರು ಕೆಲಸ ಮಾಡುತ್ತಲೇ ಪಿಎಚ್.ಡಿ.ಗೆ ನೋಂದಾಯಿಸಿಕೊಳ್ಳುತ್ತಾರೆ. ಯುಜಿಸಿಯ 2018ರ ನಿಯಮಾವಳಿಯ ಪ್ರಕಾರ ಅವರ ನೇರ ಬೋಧನೆಯೇ ವಾರಕ್ಕೆ 16 ಗಂಟೆ. ಅದರ ಮೇಲೆ ಆಂತರಿಕ ಪರೀಕ್ಷೆ, ಮೌಲ್ಯಮಾಪನ, ಗುಣಮಟ್ಟದ ಮಾನ್ಯತೆಗಾಗಿ ನ್ಯಾಕ್ ಮತ್ತು ಎನ್‌ಬಿಎ ಸಂಸ್ಥೆಗಳು ಕೇಳುವ ಕಡತಗಳು, ಅನೇಕ ಖಾಸಗಿ ಕಾಲೇಜುಗಳಲ್ಲಿ ಪ್ರವೇಶಾತಿಯ ಪ್ರಚಾರ. ಉಳಿದ ಸಮಯದಲ್ಲಿ, ಹೆಚ್ಚಾಗಿ ರಾತ್ರಿ, ಮ್ಯಾಟ್‌ಲ್ಯಾಬ್ ಎಂಬ ಲೆಕ್ಕಾಚಾರದ ತಂತ್ರಾಂಶ ತೆರೆದು, ಒಂದು ಚಾನೆಲ್, ಅಂದರೆ ಸಿಗ್ನಲ್ ಸಾಗುವ ದಾರಿ, ಹೀಗಿದೆ ಎಂದು ಊಹಿಸಿಕೊಂಡು, ಆ ಊಹೆಯ ಮೇಲೆ ದೋಷಪ್ರಮಾಣದ ರೇಖಾಚಿತ್ರಗಳನ್ನು ಎಳೆಯುತ್ತಾರೆ. ಬಡ್ತಿಗೆ ಪ್ರಬಂಧಗಳ ಸಂಖ್ಯೆ ಬೇಕು. ಆದ್ದರಿಂದ ಅದೇ ರೇಖಾಚಿತ್ರ ಸ್ವಲ್ಪ ಬದಲಾಗಿ, ದುಡ್ಡು ಕೊಟ್ಟರೆ ಅಚ್ಚು ಹಾಕುವ ಯಾವುದೋ ಜರ್ನಲ್‌ನಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಇದನ್ನು ಅಧ್ಯಾಪಕರ ಸೋಮಾರಿತನವೆಂದು ಸಭೆಗಳಲ್ಲಿ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಳೆಯುವ ಉಪಕರಣವನ್ನೇ ಕೊಡದೆ ಅಳತೆ ಎಲ್ಲಿ ಎಂದು ಕೇಳುವುದು ನ್ಯಾಯವಲ್ಲ.

ವೈರ್‌ಲೆಸ್ ಸಂಶೋಧನೆಯಲ್ಲಿ ಅಳತೆಗೆ ಎಷ್ಟು ಬೆಲೆಯಿದೆ ಎಂಬುದಕ್ಕೆ ನಮ್ಮ ವಿದ್ಯಾರ್ಥಿಗಳೆಲ್ಲ ಓದುವ ಒಕುಮುರಾ–ಹಾಟಾ ಮಾದರಿಯೇ ಸಾಕ್ಷಿ. ಪ್ರಸಾರ ಗೋಪುರದಿಂದ ದೂರ ಹೋದಂತೆ ಸಿಗ್ನಲ್ ಎಷ್ಟು ಕ್ಷೀಣಿಸುತ್ತದೆ ಎಂಬುದನ್ನು ಒಕುಮುರಾ ಮತ್ತು ಅವರ ಸಂಗಡಿಗರು ಟೋಕಿಯೊ ಸುತ್ತಮುತ್ತ ಅಳೆದು 1968ರಲ್ಲಿ ವಕ್ರರೇಖೆಗಳ ರೂಪದಲ್ಲಿ ಪ್ರಕಟಿಸಿದರು. ಹಾಟಾ 1980ರಲ್ಲಿ ಆ ವಕ್ರರೇಖೆಗಳನ್ನು ಸೂತ್ರಕ್ಕೆ ಇಳಿಸಿದರು. ಆ ಸೂತ್ರ ಅನ್ವಯಿಸುವುದು 150ರಿಂದ 1500 ಮೆಗಾಹರ್ಟ್ಸ್ ಆವೃತ್ತಿಯ ತರಂಗಗಳಿಗೆ. 2022ರ ಅಕ್ಟೋಬರ್‌ನಲ್ಲಿ ದೇಶಕ್ಕೆ ಬಂದ 5ಜಿ ಸೇವೆಯ ಮುಖ್ಯ ತರಂಗಪಟ್ಟಿಯಾದರೋ 3300 ಮೆಗಾಹರ್ಟ್ಸ್‌ಗಿಂತ ಮೇಲಿನದು. ಹೊಸ ಮಾದರಿಗಳು ಬಂದಿವೆ, ನಿಜ; ಆದರೆ ಅವುಗಳನ್ನೂ ನಮ್ಮ ನೆಲದಲ್ಲಿ ಪರೀಕ್ಷಿಸಿಯೇ ನಂಬಬೇಕಾಗುತ್ತದೆ. ಚನ್ನಗಿರಿಯ ಒತ್ತೊತ್ತಾದ ಅಡಿಕೆ ತೋಟದಲ್ಲಿ, ಅದೂ ಮಳೆ ಬಿದ್ದು ಸೋಗೆಗಳು ತೊಯ್ದಿರುವಾಗ, ಈ ತರಂಗಗಳು ಎಷ್ಟು ಸೊರಗುತ್ತವೆ? ಹರಿಹರದ ನೀರು ನಿಂತ ಭತ್ತದ ಗದ್ದೆಯ ಮೇಲೆ ಪ್ರತಿಫಲನ ಹೇಗಿರುತ್ತದೆ? ಚಿತ್ರದುರ್ಗದ ಬಂಡೆಗುಡ್ಡಗಳ ಹಿಂದಿನ ಹಳ್ಳಿಗೆ ಎಷ್ಟು ತಲುಪುತ್ತದೆ? ಪಠ್ಯಪುಸ್ತಕದಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಮೂರೂ ಬಗೆಯ ಭೂಮಿ ಕೈಗೆಟುಕುವಷ್ಟು ಹತ್ತಿರವಿರುವ ಅಧ್ಯಾಪಕರಿಗೆ ಮಹಾನಗರದ ಪ್ರಯೋಗಾಲಯಗಳಿಗಿಲ್ಲದ ಅನುಕೂಲವೊಂದಿದೆ. ಅವರ ಬಳಿ ಇಲ್ಲದಿರುವುದು ತರಂಗಗಳ ಬಲವನ್ನು ಆವೃತ್ತಿವಾರು ಅಳೆಯುವ ಸ್ಪೆಕ್ಟ್ರಮ್ ಅನಲೈಸರ್, ತಂತ್ರಾಂಶದಿಂದಲೇ ಬೇಕಾದಂತೆ ಹೊಂದಿಸಿಕೊಳ್ಳಬಹುದಾದ ಸಾಫ್ಟ್‌ವೇರ್ ಡಿಫೈನ್ಡ್ ರೇಡಿಯೊ ಮತ್ತು ಬಿಡುವು.

ಬಿಡುವು ಎಂದಾಗ ಆರೋಗ್ಯಸ್ವಾಮಿ ಪೌಲರಾಜ್ ಅವರನ್ನು ನೆನೆಯದೆ ಇರಲಾರೆ. ಇಂದಿನ 4ಜಿ, 5ಜಿ, ವೈಫೈ ಎಲ್ಲದರ ಆಧಾರವಾಗಿರುವ, ಹಲವು ಆಂಟೆನಾಗಳಿಂದ ಏಕಕಾಲಕ್ಕೆ ಬೇರೆ ಬೇರೆ ದತ್ತಾಂಶ ಕಳುಹಿಸುವ ಮೈಮೊ ವಿಧಾನವನ್ನು ಅವರು ರೂಪಿಸಿದ್ದು 1992ರಲ್ಲಿ, ಸ್ಟ್ಯಾನ್‌ಫರ್ಡ್‌ನಲ್ಲಿ. ಅದಕ್ಕೂ ಮೊದಲು ಅವರು ಭಾರತೀಯ ನೌಕಾಪಡೆಯ ಅಧಿಕಾರಿಯಾಗಿದ್ದರು. ನೌಕಾಪಡೆ ಅವರನ್ನು ಓದಲು ದಿಲ್ಲಿ ಐಐಟಿಗೆ ಕಳುಹಿಸಿತು. ಅಲ್ಲಿ ಅವರು ಪಿಎಚ್.ಡಿ. ಪಡೆದರು; ಮುಂದೆ ನೀರಿನಡಿಯ ಜಲಾಂತರ್ಗಾಮಿಗಳನ್ನು ಶಬ್ದದ ಮೂಲಕ ಪತ್ತೆಹಚ್ಚುವ ಅಪ್ಸೊ ಸೋನಾರ್ ನಿರ್ಮಾಣದ ನೇತೃತ್ವವನ್ನು ಅದೇ ನೌಕಾಪಡೆ ಅವರಿಗೆ ವಹಿಸಿತು. ಸಂವಹನ ಕ್ಷೇತ್ರದ ದೊಡ್ಡ ಗೌರವವಾದ ಮಾರ್ಕೋನಿ ಪ್ರಶಸ್ತಿ ಅವರಿಗೆ ಬಂದದ್ದು 2014ರಲ್ಲಿ. ಅಂಥ ಪ್ರತಿಭೆ ಎಲ್ಲರಲ್ಲೂ ಇರುತ್ತದೆಂದು ನಾನು ವಾದಿಸುತ್ತಿಲ್ಲ. ಕೆಲಸ ಕೊಟ್ಟ ಸಂಸ್ಥೆಯೇ ಓದಲು ಬಿಡುವನ್ನೂ, ಕೈಗೆ ನಿಜವಾದ ಯಂತ್ರವನ್ನೂ ಕೊಟ್ಟಿತು ಎಂಬುದಷ್ಟೇ ಇಲ್ಲಿ ಮುಖ್ಯ.

ಕಾಲೇಜಿಗೊಂದು ದುಬಾರಿ ಪ್ರಯೋಗಾಲಯ ಬೇಡ. ಹಾಗೆ ಕೊಟ್ಟವು ಉದ್ಘಾಟನೆಯ ನಂತರ ಬೀಗ ಹಾಕಿಸಿಕೊಂಡು ಕುಳಿತಿರುವುದನ್ನು ಕಂಡಿದ್ದೇನೆ. ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಎಲ್ಲ ಎಂಜಿನಿಯರಿಂಗ್ ಕಾಲೇಜುಗಳಿಗೂ ಸೇರಿ ರೇಡಿಯೊ ಅಳತೆಯ ಒಂದೇ ಕೇಂದ್ರವಿರಲಿ. ಉಪಕರಣಗಳನ್ನು ವಾಹನದಲ್ಲಿ ಹೊಲಕ್ಕೆ ಒಯ್ಯುವಂತಿರಲಿ. ಅದನ್ನು ನೋಡಿಕೊಳ್ಳಲು ಒಬ್ಬ ಕಾಯಂ ತಂತ್ರಜ್ಞರಿರಲಿ. ಚಳ್ಳಕೆರೆಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಕೊಟ್ಟಿರುವ ಸುಮಾರು 1500 ಎಕರೆಯ ಆವರಣ ನಮ್ಮ ಮಗ್ಗುಲಲ್ಲಿಯೇ ಇದೆ. ಅವರ ಸಹಯೋಗವನ್ನು ಸರ್ಕಾರವೇ ಕೇಳಿದರೆ ಸಿಗುವ ಉತ್ತರ, ಒಬ್ಬ ಅಧ್ಯಾಪಕ ಪತ್ರ ಬರೆದರೆ ಸಿಗುವ ಉತ್ತರಕ್ಕಿಂತ ಬೇರೆಯಾಗಿರುತ್ತದೆ. ಪ್ರಯೋಗಕ್ಕಾಗಿ ರೇಡಿಯೊ ತರಂಗ ಪ್ರಸಾರ ಮಾಡುವ ಪರವಾನಗಿಗೆ ಕೇಂದ್ರದ ದೂರಸಂಪರ್ಕ ಇಲಾಖೆಯ ಮುಂದೆ ಕಾಲೇಜುಗಳು ಒಂದೊಂದಾಗಿ ಅರ್ಜಿ ಹಿಡಿದು ನಿಲ್ಲುವ ಬದಲು, ಈ ಕೇಂದ್ರವೇ ಎಲ್ಲರ ಪರವಾಗಿ ಅರ್ಜಿ ಹಾಕಬಹುದು.

ಕೊನೆಯ ಕೋರಿಕೆಗೆ ಹಣ ಹೆಚ್ಚೇನೂ ಬೇಕಿಲ್ಲ. ಅಳೆದು ತೆಗೆದ ದತ್ತಾಂಶವನ್ನು ಸಾರ್ವಜನಿಕವಾಗಿ ಕೊಟ್ಟ ಅಧ್ಯಾಪಕರಿಗೆ ಬಡ್ತಿಯ ಅಂಕಗಳಲ್ಲಿ ಪ್ರಬಂಧಕ್ಕೆ ಸಮನಾದ ಸ್ಥಾನ ಸಿಗಲಿ, ಮತ್ತು ಅಳತೆ ನಡೆಯುವ ಸೆಮಿಸ್ಟರ್‌ನಲ್ಲಿ ಅವರ ಬೋಧನಾ ಅವಧಿ ಅರ್ಧಕ್ಕಿಳಿಯಲಿ. ರಾಜ್ಯದ ಕೈಯಲ್ಲಿರುವ ಕಾಲೇಜುಗಳ ಮಟ್ಟಿಗಾದರೂ ಇದನ್ನು ತಮ್ಮ ಇಲಾಖೆ ಆದೇಶದ ಮೂಲಕ ಆರಂಭಿಸಬಹುದೇ ಎಂದು ಪರಿಶೀಲಿಸಿ, ಮುಂದಿನ ಆಯವ್ಯಯದ ಸಿದ್ಧತೆಗೆ ಮೊದಲೇ ಎರಡೂ ಜಿಲ್ಲೆಗಳ ಎಲೆಕ್ಟ್ರಾನಿಕ್ಸ್ ವಿಭಾಗಗಳ ಮುಖ್ಯಸ್ಥರನ್ನು ಒಮ್ಮೆ ದಾವಣಗೆರೆಯಲ್ಲಿಯೇ ಸಭೆಗೆ ಕರೆಯಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಾಧ್ಯಾಪಕ, ದಾವಣಗೆರೆ