ಐದು ಸಾವಿರ ವರ್ಷದ ಮಾತು ಬಿಡಿ, ಕಲಿಸಿದವರ ಹೆಸರು ಹಾಕಿ

ಮಾನ್ಯ ಸಂಪಾದಕರೇ,

ಭರತನಾಟ್ಯ ರಂಗಪ್ರವೇಶದ ವರದಿಗಳಲ್ಲಿ ‘ಐದು ಸಾವಿರ ವರ್ಷಗಳಿಂದ ಹಾಗೆಯೇ ಉಳಿದುಬಂದ ಕಲೆ’ ಎಂಬ ಸಾಲನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ನಿರೂಪಕರು ವೇದಿಕೆಯ ಮೇಲೆ ಹೇಳುತ್ತಾರೆ, ಮರುದಿನ ಪತ್ರಿಕೆಯಲ್ಲೂ ಅದೇ ಅಚ್ಚಾಗುತ್ತದೆ. ಭರತನಾಟ್ಯ ಕಲಿಸಿಕೊಂಡೇ ಬದುಕಿದವಳು ನಾನು. ನನಗೆ ಈ ಮಾತು ಹೊಗಳಿಕೆ ಅನ್ನಿಸುವುದಿಲ್ಲ. ಕಲೆ ತಾನಾಗಿಯೇ ಉಳಿಯಿತು ಎಂದುಬಿಟ್ಟರೆ ಅದನ್ನು ಉಳಿಸಿದವರನ್ನು ಯಾರೂ ಕೇಳುವುದೇ ಇಲ್ಲ.

ಅಲರಿಪುವಿನಿಂದ ತಿಲ್ಲಾನದವರೆಗೆ ನಾವು ಇಂದು ಮಾಡುವ ಮಾರ್ಗ, ಅಂದರೆ ಕಾರ್ಯಕ್ರಮದಲ್ಲಿ ನೃತ್ಯಗಳು ಬರುವ ಕ್ರಮ, 19ನೇ ಶತಮಾನದಲ್ಲಿ ಹೊಂದಿಸಿದ್ದು. ತಂಜಾವೂರು ಆಸ್ಥಾನದ ಚಿನ್ನಯ್ಯ, ಪೊನ್ನಯ್ಯ, ಶಿವಾನಂದಂ, ವಡಿವೇಲು ಎಂಬ ಅಣ್ಣತಮ್ಮಂದಿರ ಕೆಲಸ ಅದು. ಅವರಲ್ಲಿ ಚಿನ್ನಯ್ಯನವರು ಮುಂದೆ ಮೈಸೂರಿಗೆ, ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು. ನಾಟ್ಯಶಾಸ್ತ್ರ ಬಹಳ ಹಳೆಯದು, ನಿಜ. ಅದು ಹೇಳುವ 108 ಕರಣಗಳು, ಅಂದರೆ ನೃತ್ಯಭಂಗಿಗಳು, ಚಿದಂಬರದ ಗೋಪುರದಲ್ಲಿ ಕೆತ್ತಿಸಿಕೊಂಡು ನಿಂತಿವೆ. ಆದರೆ ಅರೆಮಂಡಿಯಲ್ಲಿ ಮೊಣಕಾಲು ಬಗ್ಗಿಸಿ ಎಷ್ಟು ಕೂರಬೇಕು, ಜತಿಯ (ತಾಳಕ್ಕೆ ಕಟ್ಟಿದ ಹೆಜ್ಜೆಗಳ ಸರಣಿಯ) ಕೊನೆಯಲ್ಲಿ ಕತ್ತು ಎತ್ತ ತಿರುಗಬೇಕು ಎಂಬುದನ್ನು ಕಲ್ಲು ಹೇಳಿಕೊಡಲಿಲ್ಲ. ಹೇಳಿಕೊಟ್ಟವರು ತಾಳ ತಟ್ಟುವ ತಟ್ಟುಮಣೆಯ ಮುಂದೆ ಕುಳಿತ ನೃತ್ಯಗುರುಗಳಾದ ನಟ್ಟುವನಾರ್‌ಗಳು ಮತ್ತು ದೇವದಾಸಿ ಮನೆತನದ ಹೆಂಗಸರು.

1909ರಲ್ಲಿ ಮೈಸೂರು ಸರ್ಕಾರ, 1947ರಲ್ಲಿ ಮದ್ರಾಸ್ ಸರ್ಕಾರ ದೇವದಾಸಿ ಸಮರ್ಪಣೆಯನ್ನು ನಿಲ್ಲಿಸಿದವು. ನಿಲ್ಲಲೇಬೇಕಿತ್ತು. ಆದರೆ ಅದರ ಜೊತೆಗೇ ಆ ಹೆಂಗಸರ ಕುಣಿತಕ್ಕೂ ಕಳಂಕ ಹಚ್ಚಿದರು, ಅವರದೇ ಕಲೆಯನ್ನು ‘ಮರ್ಯಾದಸ್ಥರ’ ಮನೆಯ ಮಕ್ಕಳು ವೇದಿಕೆಗೆ ತಂದಾಗ ಚಪ್ಪಾಳೆ ಹೊಡೆದರು. ಅಂಥ ಮನೆಯಿಂದ ಬಂದು 1935ರಲ್ಲಿ ಮದ್ರಾಸಿನ ಅಡಯಾರಿನಲ್ಲಿ ನರ್ತಿಸಿದ ರುಕ್ಮಿಣೀದೇವಿ ಕಲಿತದ್ದು ನಟ್ಟುವನಾರ್ ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೈ ಅವರಲ್ಲಿ. ರುಕ್ಮಿಣೀದೇವಿಯವರ ಸಾಧನೆ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೂ ಶೃಂಗಾರವನ್ನು ತಗ್ಗಿಸಬೇಕೆಂಬ ಅವರ ವಾದವನ್ನು ದೇವದಾಸಿ ಮನೆತನದ ನರ್ತಕಿ ಬಾಲಸರಸ್ವತಿ ಒಪ್ಪಲಿಲ್ಲವಲ್ಲ, ಆ ವಿಷಯದಲ್ಲಿ ನಾನು ಬಾಲಸರಸ್ವತಿಯವರ ಪಕ್ಷ. ಮೈಸೂರು ಅರಮನೆಯ ಜಟ್ಟಿ ತಾಯಮ್ಮ, ಅವರ ಶಿಷ್ಯೆ ವೆಂಕಟಲಕ್ಷಮ್ಮ ಇವರ ಪರಂಪರೆಯಲ್ಲಿ ಅಭಿನಯವೇ ಮುಖ್ಯ. ಪದ ಎಂಬ ಹಾಡಿನ ಒಂದೇ ಸಾಲನ್ನು ಹಿಡಿದು, ಹಾಡು ಮರಳಿ ಬಂದಷ್ಟು ಸಲವೂ ಬೇರೆ ಬೇರೆ ಭಾವ ತೋರಿಸಬೇಕು: ಒಮ್ಮೆ ಹುಬ್ಬಿನಲ್ಲಿ ಸಿಟ್ಟು, ಇನ್ನೊಮ್ಮೆ ತುಟಿಯಂಚಿನಲ್ಲಿ ಹಂಗಿಸುವ ನಗು. ಪುಸ್ತಕ ಓದಿ ಇದು ಬರುವುದಿಲ್ಲ, ಎದುರು ಕುಳಿತು ಕಲಿಯಬೇಕು.

ಬೇರೆ ದೇಶಗಳಲ್ಲೂ ಕತೆ ಹೀಗೆಯೇ. ಫ್ರಾನ್ಸಿನ 14ನೇ ಲೂಯಿ ಸ್ವತಃ ನರ್ತಕ. 1661ರಲ್ಲಿ ನೃತ್ಯ ಅಕಾಡೆಮಿ ತೆರೆದ. ಬ್ಯಾಲೆಯ ಐದು ಪಾದಸ್ಥಿತಿಗಳನ್ನು ಕ್ರಮಕ್ಕೆ ತಂದವನು ಅವನ ಗುರು ಪಿಯೆರ್ ಬೋಶಾಂ. ಇಸವಿ, ಹೆಸರು ಹೇಳಿದ್ದರಿಂದ ಬ್ಯಾಲೆಯ ಘನತೆಗೆ ಕುಂದು ಬಂದಿಲ್ಲ. ಜಪಾನಿನಲ್ಲಿ 1603ರಲ್ಲಿ ಕಬುಕಿ ಎಂಬ ನೃತ್ಯನಾಟಕ ಶುರುಮಾಡಿದವಳು ಒಕುನಿ ಎಂಬ ಹೆಂಗಸು. 1629ರಲ್ಲಿ ಹೆಂಗಸರನ್ನೇ ಆ ರಂಗದಿಂದ ಹೊರಗಟ್ಟಿದರು.

ಕಾಂಬೋಡಿಯದ ಕತೆಯನ್ನಂತೂ ನನ್ನ ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುತ್ತೇನೆ. ಅಲ್ಲಿನ ಅರಮನೆ ನೃತ್ಯದಲ್ಲಿ ಬೆರಳುಗಳು ಹಿಂದಕ್ಕೆ ಬಿಲ್ಲಿನಂತೆ ಬಾಗುತ್ತವೆ, ಚಿಕ್ಕ ವಯಸ್ಸಿನಿಂದಲೇ ಒತ್ತಿ ಒತ್ತಿ ಪಳಗಿಸಬೇಕು. 1975ರಿಂದ 1979ರವರೆಗಿನ ಖಮೇರ್ ರೂಜ್ ಎಂಬ ಉಗ್ರ ಕಮ್ಯುನಿಸ್ಟರ ಆಡಳಿತದಲ್ಲಿ ಆ ಕಲಾವಿದರಲ್ಲಿ ಬಹುತೇಕರು ಸತ್ತರು. ಬದುಕುಳಿದ ಚಿಯಾ ಸಾಮಿಯಂಥ ಕೆಲವೇ ಗುರುಗಳು ಒಬ್ಬರ ನೆನಪಿಗೆ ಇನ್ನೊಬ್ಬರ ನೆನಪು ಜೋಡಿಸಿ ಮಕ್ಕಳ ಕೈಬೆರಳು ಹಿಡಿದು ಮತ್ತೆ ಕಲಿಸಿದರು. 2003ರಲ್ಲಿ ಯುನೆಸ್ಕೊ ಆ ನೃತ್ಯವನ್ನು ಮಾನವಕುಲದ ಪರಂಪರೆಯೆಂದು ಸಾರಿತು. ಆ ಕೆಲವರೂ ಇಲ್ಲದಿದ್ದರೆ ಅಂಕೋರ್‌ವಾಟ್‌ನ ದೇಗುಲದ ಗೋಡೆಯ ಅಪ್ಸರೆಯರಷ್ಟೇ ಉಳಿಯುತ್ತಿದ್ದರು.

ಆದ್ದರಿಂದ ನನ್ನ ವಿನಂತಿ ಇಷ್ಟು. ನೃತ್ಯದ ವರದಿಯಲ್ಲಿ ಉಡುಗೆ, ಮುಖ್ಯ ಅತಿಥಿ, ಸನ್ಮಾನ ಎಲ್ಲಕ್ಕೂ ಜಾಗವಿರುತ್ತದೆ. ಆ ವರ್ಣ (ಕಾರ್ಯಕ್ರಮದ ಮುಖ್ಯ ನೃತ್ಯ) ಯಾರ ರಚನೆ, ಜತಿ ಕಟ್ಟಿದವರು ಯಾರು, ನಟ್ಟುವಾಂಗಕ್ಕೆ (ತಾಳ ಹಿಡಿದು ನೃತ್ಯ ನಡೆಸಲು) ಕುಳಿತವರು ಯಾರು, ಗುರುವಿನ ಗುರು ಯಾರು ಎಂಬುದಕ್ಕೆ ಎರಡು ಸಾಲು ಕೊಡಿ. ಜಾಗ ಸಾಲದಿದ್ದರೆ ಐದು ಸಾವಿರ ವರ್ಷದ ಸಾಲನ್ನು ತೆಗೆದುಹಾಕಿ.

ಇಂತಿ,
ಒಬ್ಬ ಭರತನಾಟ್ಯ ಶಿಕ್ಷಕಿ